ರೇಡಿಯೋದಲ್ಲಿ ನನ್ನ ಮೊದಲ ಕೂಗು

ಜಹೀರಾಬಾದ್, ಮಂಗಳವಾರ

ಸೊಸೆ ಭವಾನಿಗೆ,

ನಿನ್ನ ಅತ್ತೆ ಆರೋಗ್ಯವಾಗಿದ್ದಾಳೆ, ಮಾನ ಮಾತ್ರ ಸ್ವಲ್ಪ ಹೋಗಿದೆ. ಮೂರು ತಿಂಗಳ ತರಬೇತಿ ಮುಗಿದು ನಿನ್ನೆ ರೇಡಿಯೋದಲ್ಲಿ ನನ್ನ ಮೊದಲ ನೇರ ಕಾರ್ಯಕ್ರಮವಿತ್ತು. ಅದು ಸರಿಹೋದರೆ ಮಾತ್ರ ಕೆಲಸ ಕಾಯಂ ಎಂದಿದ್ದರು. ವಿಷಯ ಕುರಿಗಳ ಲಸಿಕೆ. ನನ್ನಷ್ಟು ತಿಳಿದವರಿಲ್ಲವೆಂಬ ಗತ್ತಿನಲ್ಲಿ, ಲಸಿಕೆ ಹಾಕಿಸಲು ಹಿಂಡನ್ನು ಹೇಗೆ ಕರೆಯಬೇಕೆಂದು ಮೈಕಿನಲ್ಲಿ ಕೂಗಿಯೇ ತೋರಿಸಿದೆ. ಹೊರಗೆ ಪಡಸಾಲೆಯಲ್ಲಿ ದೊಡ್ಡದಾಗಿ ರೇಡಿಯೋ ಹಚ್ಚಿಟ್ಟಿದ್ದರು. ಹಿಂದಿನ ಹೊಲದಲ್ಲಿ ಮೇಯುತ್ತಿದ್ದ ಕುರಿಗಳೆಲ್ಲ ಓಡಿಬಂದು ಪಡಸಾಲೆ ತುಂಬಿದವು. ಒಂದು ಟಗರು ಅಲ್ಲೇ ಕೂತಿದ್ದ, ರೇಡಿಯೋ ಕೇಂದ್ರ ನಡೆಸುವ ನಮ್ಮ ಮೇಡಂ ಶಾಮಲಾ ಅವರ ಕುರ್ಚಿಗೇ ಗುದ್ದಿತು. ಕೆಲಸ ಹೋಯಿತೆಂದು ನಾನು ಚಪ್ಪಲಿ ಹುಡುಕತೊಡಗಿದೆ.

“ಎಲ್ಲಿ ಹೊಂಟೀರಿ ಮಾಳಮ್ಮಾ?” ಎಂದರು ಶಾಮಲಾ. “ನಮ್ಮ ಮಾತು ಕೇಳಿ ಇಷ್ಟು ಮಂದಿ ಯಾವತ್ತೂ ಬಂದಿದ್ದಿಲ್ರಿ. ನಾಳಿಂದ ದಿನಾ ಬರ್ರಿ, ಕೂಗೋದೊಂದು ಬಿಡ್ರಿ.”

ಮೊಣಕಾಲು ನೋಯುತ್ತಿದೆ, ಕೊಹೀರ್ ಬಸ್ಸಿನಲ್ಲಿ ಎಣ್ಣೆ ಕಳಿಸು. ನಿನ್ನ ಮಾವನಂತೂ ನಾನು ನಾಲ್ಕು ಸಲ ಕೂಗಿದರೂ ಊಟಕ್ಕೆ ಎದ್ದವರಲ್ಲ. ಇನ್ನು ದಿನಾ ಮಧ್ಯಾಹ್ನ ಒಂದಕ್ಕೆ ನನ್ನ ಕಾರ್ಯಕ್ರಮ, ರೇಡಿಯೋ ಹಚ್ಚಿ ಅವರ ಮುಂದಿಡು. ಈಗ ಮೆಲ್ಲಗೆ ಮಾತಾಡುತ್ತೇನೆ, ಅದಕ್ಕಾದರೂ ಏಳುತ್ತಾರೇನೋ ನೋಡು.

ಅವಸರದಲ್ಲಿ,
ಅತ್ತೆ ಮಾಳಮ್ಮ