ಮುಂದಿನ ಸೀಟಿನ ಭರಣಿ

ಬೆಂಗಳೂರು, ೧೪ ಜನವರಿ ೧೯೫೮

ಬಲ್ಮಠದ ಪ್ರಿಯ ಜೊಕಿಮ್ ಮಾಮನಿಗೆ ಲಿಗೋರಿಯ ವಂದನೆಗಳು.

"ವಿಮಾನ ಎಂತ ಬೇಕಾದ್ರೂ ಆಗ್ಲಿ ಮಾರಾಯ, ಈ ಭರಣಿ ಒಡೆಯದೆ ಬೆಂಗಳೂರಿನ ನನ್ನ ತಂಗಿಗೆ ತಲುಪಿದ್ರೆ ಮಗಳು ಆಗ್ನೆಸ್‌ಳನ್ನು ನಿನಗೆ ಕೊಡ್ತೇನೆ" ಎಂದು ನೀವು ಬಜ್ಪೆಯಲ್ಲಿ ಹೇಳಿದ್ದು ನೆನಪಿರಬಹುದು. ಭರಣಿ ಒಡೆದಿಲ್ಲ.

ಇಲ್ಲಿನ ಹಳೆಯ ವಿಮಾನಗಳ ಕೂಟಕ್ಕೆ ನಾನು ಒಂದು ದಿನ ತಡವಾಗಿ ಮುಟ್ಟಿದೆ. ಹಾಸನದ ಬಳಿ ಎಂಜಿನ್ ಕೆಮ್ಮತೊಡಗಿದ್ದರಿಂದ, ಎರಡಂತಸ್ತಿನ ರೆಕ್ಕೆಯ ನಮ್ಮ ಮುದಿ ವಿಮಾನವನ್ನು ರಾಗಿ ಕೊಯ್ದ ಹೊಲದಲ್ಲಿ ಇಳಿಸಬೇಕಾಯಿತು. ಚಕ್ರ ಕಾಲುವೆಗೆ ಬಿದ್ದಾಗ ನಾನು ಹಾರಿ ಹುಲ್ಲಿನ ಮೆದೆಯಲ್ಲಿ ಬಿದ್ದೆ. ಮುಂದಿನ ಸೀಟಿನಲ್ಲಿದ್ದ ಭರಣಿ ಅಲುಗಲಿಲ್ಲ. ಊರಿನವರು ಎತ್ತು ಕಟ್ಟಿ ವಿಮಾನವನ್ನು ಮೇಲೆಳೆದರು, ಮುದ್ದೆ ಬಡಿಸಿದರು. ಆಮೇಲೆ, "ಆ ಭರಣೀಲಿ ಏನೈತೆ ಸ್ವಾಮಿ?" ಎಂದು ಕೇಳಿದರು. ಇಲ್ಲವೆನ್ನಲಾಗಲಿಲ್ಲ. ನಿಮ್ಮ ಸಿಗಡಿ ಉಪ್ಪಿನಕಾಯಿ ಮುದ್ದೆಗೆ ಚೆನ್ನಾಗಿ ಹೊಂದುತ್ತದೆ.

ನಿಮ್ಮ ತಂಗಿ ಖಾಲಿ ಭರಣಿಯನ್ನು ಮೂಸಿ, "ಅಣ್ಣನ ಕೈಯದ್ದೇ" ಎಂದರು. ಮತ್ತೆ ತುಂಬಿಸಿ ಕಳುಹಿಸಬೇಕಂತೆ.

ಭಾನುವಾರದ ಪೂಜೆಯಲ್ಲಿ ನಮ್ಮ ಮದುವೆಯ ಪ್ರಕಟಣೆ ಓದಲು ಪಾದ್ರಿಗಳಿಗೆ ದಯವಿಟ್ಟು ಹೇಳಿ. ವಿಮಾನದಲ್ಲಿ ಗಟ್ಟಿಯಾದ ಬೆಲ್ಟು ಇರುವುದು ಒಂದೇ. ಈ ಸಲ ಅದನ್ನು ಭರಣಿಗೆ ಕಟ್ಟಿದ್ದೆ. ಇನ್ನು ಮುಂದೆ ಅದು ಆಗ್ನೆಸ್‌ಗೆ.

ನಿಮ್ಮ ವಿಧೇಯ,
ಲಿಗೋರಿ