ಕೊಲ್ಲಿಯ ಕಡೆಯ ಇಳಿತ

ಜುಲೈ 22, ಶನಿವಾರ. ಸಂಜೆ

ಮಂಜುಗಡ್ಡೆ ಎರಡು ಚೀಲ ಸಾಲಲಿಲ್ಲ. ಗ್ರೇಡಿ ಮತ್ತೆ ಹೋಗಿ ತಂದ. ಬಾಡಿಗೆ ದೋಣಿ ಬಂತು. ಹೋದ ವರ್ಷದ್ದೇ, ಸೀಟಿನ ಹರಕಿಗೆ ಅದೇ ಬೆಳ್ಳಿ ಬಣ್ಣದ ಟೇಪು. ನೀರೊಳಗೆ ನೋಡುವ ಮಾಸ್ಕು, ಉಸಿರಾಡುವ ಸ್ನಾರ್ಕೆಲ್ ಕೊಳವೆ ಎಲ್ಲ ಸೋಪುನೀರಲ್ಲಿ ತೊಳೆದು ದೋಣಿಕಟ್ಟೆಯ ಕಂಬಿಗೆ ನೇತುಹಾಕಿದೆ. ಐದು ಜೊತೆ. ಚಿಕ್ಕವಳು ಪೋಸಿಗೆ ಎಂಟು ತುಂಬಿತು, ಅವಳಿಗೂ ಈ ಸಲ ಸ್ವಂತದ್ದು. ಅತ್ತೆಯದು ಹೆಸರಿಗೆ ಮಾತ್ರ, ಅವರು ನೀರಿಗಿಳಿಯುವುದನ್ನು ಬಿಟ್ಟೇ ಬಹಳ ಕಾಲವಾಯಿತು.

ಕೀಸ್ ದ್ವೀಪಗಳಿಗೆ ನಾವು ಬರುತ್ತಿರುವುದು ಇದು ಹನ್ನೊಂದನೆಯ ಬೇಸಿಗೆ. ಅದೇ ಕಾಲುವೆ, ಅದೇ ಮನೆ.

ಅತ್ತೆ ಕಾರಿನಿಂದ ಇಳಿದವರೇ ಕಟ್ಟೆಯ ಕುರ್ಚಿ ಹಿಡಿದು ಸಿಗರೇಟು ಹಚ್ಚಿದರು. ಎದುರು ದಂಡೆಯಲ್ಲಿ ಉಡದಂಥ ಒಂದು ಇಗುವಾನಾ ಬಿಸಿಲು ಕಾಯುತ್ತಿತ್ತು.

"ಇದು ಹೋದ ವರ್ಷದ್ದೇ ಕಣೇ ಪೋಸಿ. ನನ್ನ ನೋಡಿ ಮುಖ ತಿರುಗಿಸ್ತು, ನೋಡು. ಗುರುತು ಹಿಡೀತು."

ಮಲಗುವ ಕೋಣೆ ಗ್ರೇಡಿಗೂ ನನಗೂ ಒಂದೇ. ಬೇರೆ ದಾರಿಯಿಲ್ಲ. ಮಕ್ಕಳಿಗೆ ಗೊತ್ತಾಗಬಾರದು.

ಗ್ರೇಡಿ ಮೇ ತಿಂಗಳಲ್ಲಿ ಹೇಳಿದ, ಬೇರೆ ಹೋಗುತ್ತೇನೆ ಅಂತ. ಆಗಸ್ಟ್ ಒಂದರಿಂದ ಅಪಾರ್ಟ್‌ಮೆಂಟ್ ಗೊತ್ತುಮಾಡಿದ್ದಾನೆ. ಬೇರೆ ಹೆಂಗಸು ಇಲ್ಲವಂತೆ. ನಂಬಿದೆ. ಇದ್ದಿದ್ದರೆ ವಾಸಿಯಿತ್ತು, ಕಾರಣ ಎನ್ನುವುದೊಂದು ಇರುತ್ತಿತ್ತು. ಮಕ್ಕಳಿಗೂ ಅವನ ತಾಯಿಗೂ ಹೇಳುವುದು ಹೊರಡುವ ದಿನ ಬೆಳಿಗ್ಗೆ. ಅಲ್ಲಿಯ ತನಕ ಎಂದಿನಂತೆ ಇರೋಣ ಎಂದ. ಒಪ್ಪಿದೆ.

ಒಂದು ವಾರ. ಒಂದು ವಾರದಲ್ಲಿ ಏನು ಬದಲಾದೀತು ಎಂದು ಯಾರಾದರೂ ಕೇಳಬಹುದು. ನಾನು ಕೇಳಿಕೊಳ್ಳುತ್ತಿಲ್ಲ.

ಜುಲೈ 23, ಭಾನುವಾರ

ಸಾಗರದ ಕಡೆ ಹೋದೆವು, ಹವಳದ ದಿಬ್ಬಕ್ಕೆ. ಅಲೆಯೇ ಇಲ್ಲ. ನೀರು ಸ್ನಾನಕ್ಕೆ ಕಾಯಿಸಿಟ್ಟಷ್ಟು ಬೆಚ್ಚಗೆ. ಪೋಸಿಯ ಒಂದು ಕೈ ಗ್ರೇಡಿ ಹಿಡಿದ, ಒಂದು ಕೈ ನಾನು. ಅವಳು ಕೊಳವೆಯೊಳಗೇ ಏನೋ ಕೂಗುತ್ತಿದ್ದಳು. ಸಂತೋಷವೋ ಭಯವೋ ತಿಳಿಯಲಿಲ್ಲ. ಕೆಳಗೆ ನೋಡಿದೆ. ಎಲ್ಲ ಬಿಳಿ. ಜಿಂಕೆಕೊಂಬಿನ ಹಾಗೆ ಕವಲೊಡೆಯುವ ಹವಳ, ಗುಂಡು ಹವಳ, ಎಲ್ಲ. ಒಂದು ಗಿಳಿಮೀನು ಮಾತ್ರ ತಪ್ಪು ಮನೆಗೆ ಬಂದಂತೆ ಸುತ್ತುತ್ತಿತ್ತು.

ದೋಣಿ ಹತ್ತಿದ ಮೇಲೆ ಪೋಸಿ: "ಬಣ್ಣ ಬಣ್ಣ ಇರತ್ತೆ ಅಂದಿದ್ರಿ. ಸುಣ್ಣ ಬಳಿದ ಹಾಗಿದೆ."

"ಸತ್ತಿಲ್ಲ," ಎಂದಳು ದೊಡ್ಡವಳು ಮ್ಯಾರೆನ್. ಅವಳಿಗೆ ಹದಿನೈದು, ಎಲ್ಲವೂ ಗೊತ್ತು. "ಸಾಯ್ತಾ ಇದೆ. ನೀರು ತಣ್ಣಗಾದ್ರೆ ಬಣ್ಣ ವಾಪಸ್ ಬರತ್ತೆ."

"ಯಾವಾಗ ತಣ್ಣಗಾಗತ್ತೆ ಅಪ್ಪಾ?"

"ಅಕ್ಟೋಬರಲ್ಲಿ."

"ಅಷ್ಟು ದಿನ ಎಲ್ಲಿ ತಡ್ಕೊಳ್ಳತ್ತೆ..." ಎಂದು ಮ್ಯಾರೆನ್ ಶುರುಮಾಡಿದಳು.

"ಸ್ಯಾಂಡ್‌ವಿಚ್ ತಿನ್ನಮ್ಮ," ಎಂದ ಗ್ರೇಡಿ.

ಜುಲೈ 25, ಮಂಗಳವಾರ

ನಾಳೆ, ನಾಡಿದ್ದು ಯಾರು ಬೇಕಾದರೂ ಲಾಬ್‌ಸ್ಟರ್ ಹಿಡಿಯಲು ಬಿಡುವ ಎರಡು ದಿನ. ಕಾಲುವೆಯಲ್ಲಿ ಒಂದು ಕಟ್ಟೆಯೂ ಖಾಲಿಯಿಲ್ಲ. ಎಲ್ಲೆಲ್ಲೂ ಬಲೆ ಹೊಲಿಯುವವರು, ಎಂಜಿನ್ ತೊಳೆಯುವವರು, ಬಿಯರ್ ಕುಡಿಯುತ್ತ ಸಲಹೆ ಕೊಡುವವರು. ಗ್ರೇಡಿ ಲಾಬ್‌ಸ್ಟರ್ ಅಳೆಯುವ ಪಟ್ಟಿಗೆ ದಾರ ಕಟ್ಟಿದ. ಈಜುವವರಿದ್ದಾರೆ ಎಂದು ತೋರಿಸುವ ಕೆಂಪು ಬಾವುಟ ಬಿಚ್ಚಿ ಒಣಗಿಸಿದ.

ಬೆಳಿಗ್ಗೆ ಕಾಫಿ ಕೊಟ್ಟಾಗ "ಥ್ಯಾಂಕ್ಸ್" ಎಂದ. ಮಧ್ಯಾಹ್ನ ನನ್ನ ಬೆನ್ನಿಗೆ ಸನ್‌ಸ್ಕ್ರೀನ್ ಹಚ್ಚುವ ಮೊದಲು "ಹಚ್ಚಲಾ?" ಎಂದು ಕೇಳಿದ. ಹಿಂದೆಂದೂ ಕೇಳಿದವನಲ್ಲ. ಮೊದಲೆಲ್ಲ ಗೋಡೆಗೆ ಸುಣ್ಣ ಹೊಡೆದಂತೆ ಬಳಿಯುತ್ತಿದ್ದ. ಎಷ್ಟು ಮೆದು ಈಗ.

ಒಳ್ಳೆಯ ಲಕ್ಷಣ ಇರಬಹುದು. ಬರೆದ ಮೇಲೆ ಇದನ್ನು ಹೊಡೆದುಹಾಕಬೇಕೆನಿಸಿತು. ಹಾಕಲಿಲ್ಲ.

ಓದಲೆಂದು ತಂದ ಹಂಗೇರಿಯನ್ ಕಾದಂಬರಿ ಮುಂದೆ ಸಾಗುತ್ತಿಲ್ಲ. ಅನುವಾದದಲ್ಲಿ ಓದುವುದಕ್ಕೆ ಒಂದು ಸಮಾಧಾನವಿದೆ. ಏನಾದರೂ ತಪ್ಪು ಕಂಡರೆ ಅದು ಯಾರದೆಂದು ಹೇಳಲಾಗದು. ಅತ್ತೆ ಮುಖಪುಟ ತಿರುವಿ ನೋಡಿದರು.

"ಇಲ್ಲಿಷ್ಟು ನೀರಿಟ್ಕೊಂಡು ಅಲ್ಲೆಲ್ಲೋ ಹಿಮದಲ್ಲಿ ಒದ್ದಾಡ್ತೀಯಲ್ಲ ನೋರೀನ್. ಕೊನೆಗೆ ಮದುವೆ ಆಗ್ತಾರಾ?"

"ಆಗಿದೆ ಅತ್ತೆ. ಮೊದಲ್ನೇ ಪುಟದಲ್ಲೇ."

"ಹಾಗಾದ್ರೆ ಕಥೆ ಇನ್ನೇನಿದೆ!"

ಜುಲೈ 26, ಬುಧವಾರ. ರಾತ್ರಿ ಊಟದ ನಂತರ

ಬಿಸಿಲಿಗೆ ಮೈಯೆಲ್ಲ ಸುಟ್ಟಿದೆ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಕೊಲ್ಲಿಯ ಕಡೆ ಹೋದೆವು. ಅತ್ತೆಯೂ ಬಂದರು. ಒಳ್ಳೆಯ ಬೇಟೆ. ಪೋಸಿಗೆ ಗ್ರೇಡಿ ಕಲಿಸಿಕೊಟ್ಟ: ಕಲ್ಲಿನ ಸಂದಿಯಲ್ಲಿರುವ ಲಾಬ್‌ಸ್ಟರಿನ ಹಿಂದೆ ಕಡ್ಡಿ ತೂರಿಸಿ ಬಾಲ ತಟ್ಟಬೇಕು. ಅದು ಎರಡು ಹೆಜ್ಜೆ ಮುಂದೆ ಬಂದು ನಿಲ್ಲುತ್ತದೆ. ಆಗ ಹಿಂದೆ ಬಲೆ ಇಟ್ಟು ಮುಂದಿನಿಂದ ಮೂತಿ ಮುಟ್ಟಬೇಕು. ಅದು ಕಡ್ಡಿಯನ್ನೇ ನೋಡುತ್ತ ಹಿಂದಕ್ಕೆ ಚಿಮ್ಮುತ್ತದೆ. ಪೋಸಿ ಒಂದನ್ನು ಹಿಡಿದೂಬಿಟ್ಟಳು. ಅಳತೆಗೆ ಸಣ್ಣದು. ವಾಪಸು ಬಿಡುವಾಗ ಅದಕ್ಕೆ ಟಾಟಾ ಮಾಡಿದಳು.

ಮನೆಗೆ ಹೊರಟಾಗ ಮಧ್ಯಾಹ್ನ. ಸುತ್ತುದಾರಿ ಬಿಟ್ಟು ನೀರಡಿಯ ಹುಲ್ಲಿನ ದಿಬ್ಬದ ಮೇಲೆ ಹಾದರೆ ಅರ್ಧ ದಾರಿ. ನೀರು ಏರುತ್ತಿದ್ದರೆ ಮಾತ್ರ.

"ನೋರೀನ್, ನೀರು ಹೇಗಿದೆ?"

"ಏರ್ತಿದೆ," ಎಂದೆ.

ಅವನು ಎರಡನೇ ಸಲ ಕೇಳಲಿಲ್ಲ. ಪ್ರತಿವರ್ಷ ಉಬ್ಬರ ಇಳಿತ ನೋಡುವುದು ನನ್ನ ಕೆಲಸ. ಫ್ರಿಜ್ಜಿನ ಬಾಗಿಲ ಮೇಲೆ ಅದರ ವೇಳೆಯ ಹಾಳೆ ಇದೆ. ಎಡಗಡೆ ಸಾಗರದ ಪಟ್ಟಿ, ಬಲಗಡೆ ಕೊಲ್ಲಿಯದು. ದ್ವೀಪ ಒಂದೇ, ಚಂದ್ರ ಒಂದೇ, ಆದರೆ ಒಂದು ಕಡೆ ನೀರು ಏರುವಾಗ ಇನ್ನೊಂದು ಕಡೆ ಇಳಿಯುತ್ತಿರಬಹುದು. ಭಾನುವಾರ ಎಡಗಡೆ ನೋಡಿದ್ದೆ. ಇವತ್ತು ಬೆಳಿಗ್ಗೆಯೂ ಬೆರಳು ಅಲ್ಲಿಗೇ ಹೋಯಿತು.

ಸದ್ದೇ ಇಲ್ಲ. ಯಾರೋ ಅಂಗೈ ಅಡ್ಡ ಇಟ್ಟಂತೆ ದೋಣಿ ನಿಂತಿತು. ಹಿಂದೆ ಕೆಸರಿನ ಮೋಡ. ಗ್ರೇಡಿ ತಕ್ಷಣ ಎಂಜಿನ್ ಎತ್ತಿದ. ದಿಬ್ಬದ ಅಂಚಿನ ಕಾಂಡ್ಲಾ ಗಿಡಗಳ ಬೇರುಗಳನ್ನು ನೋಡಿದೆ. ನೀರಿನಿಂದ ಒಂದು ಗೇಣು ಮೇಲಿನ ತನಕ ಒದ್ದೆ. ಇಳಿಯುತ್ತಿದೆ.

ಎಂಜಿನ್ ಹಾಕಿ ಒದ್ದಾಡಿದರೆ ಹುಲ್ಲು ಸೀಳುತ್ತದೆ, ಹತ್ತು ವರ್ಷ ಗಾಯ ಮಾಯುವುದಿಲ್ಲ. ಇಲ್ಲಿಯವರು ಹಾಗೆ ಮಾಡುವುದಿಲ್ಲ. ಲಂಗರು ಹಾಕಿ ಕೂರುತ್ತಾರೆ. ನೀರು ತಿರುಗಿ ಬರುವುದು ಸಂಜೆಗೆ.

"ನಾನು ಎಡಗಡೆ ನೋಡ್ದೆ," ಎಂದೆ. "ಸಾಗರದ್ದು."

ಕಾದೆ. ಮ್ಯಾರೆನ್ ಕೂಡ ಹೆಗಲು ಕುಗ್ಗಿಸಿ ಕಾದಳು. ಗುಡುಗಿಗೆ ಮೊದಲು ಮಕ್ಕಳು ಹಾಗೆ ಮಾಡುತ್ತಾರೆ.

"ಪರವಾಗಿಲ್ಲ," ಎಂದ ಗ್ರೇಡಿ. "ಯಾರಿಗಾದ್ರೂ ಆಗತ್ತೆ. ನೀರು ಕುಡೀತೀಯಾ?"

ಅತ್ತೆ ಕೈ ಚಾಚಿ ಅವನ ಹಣೆ ಮುಟ್ಟಿ ನೋಡಿದರು. "ಜ್ವರ ಇಲ್ಲ. ಮತ್ತೇನೋ ನಿಂಗೆ? ಲಂಗರಿನ ವರ್ಷ ಮರೆತ್ಯಾ?"

ಲಂಗರಿನ ವರ್ಷ ನಮ್ಮಲ್ಲಿ ಗಾದೆಯಾಗಿದೆ. ಹಗ್ಗದ ತುದಿ ದೋಣಿಗೆ ಕಟ್ಟದೆ ನಾನು ಲಂಗರು ಎಸೆದಿದ್ದೆ. ಹಗ್ಗಸಮೇತ ಹೋಯಿತು. ಗ್ರೇಡಿ ಅಲ್ಲಿಂದ ಕಾಲುವೆಯ ಬಾಯಿ ತನಕ ಬೈದ. ಜನ ಬಾಲ್ಕನಿಗೆ ಬಂದು ನಿಂತರು. ಆಮೇಲೆ ಮೀನು ಹುರಿಯುತ್ತ ತಾನೇ ನಕ್ಕು ನಕ್ಕು ಒಲೆಯ ಮುಂದೆ ಕೂತುಬಿಟ್ಟ.

"ಬೈಯಪ್ಪಾ," ಎಂದಳು ಪೋಸಿ. "ಅಮ್ಮ ಇಷ್ಟು ದೊಡ್ಡ ತಪ್ಪು ಮಾಡಿದಾಳೆ! ನೀನು ಬೈಯಲ್ವಾ?"

"ಬೈದ್ರೆ ನೀರು ಬರತ್ತಾ ಪುಟ್ಟಿ?"

"ಬರಲ್ಲ. ಆದ್ರೂ ಬೈಯಿ. ಒಂದ್ಸಲ."

ಅವನು ನಕ್ಕ. ಮಗುವಿಗೆ ಮಾತ್ರ ನಕ್ಕದ್ದು. ನನ್ನ ಕಡೆ ನೀರಿನ ಬಾಟಲಿ ಹಿಡಿದ, ಮುಚ್ಚಳ ತೆಗೆದು. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಕೊಡುತ್ತೇವಲ್ಲ, ಹಾಗೆ.

ನಿನ್ನೆ ಲಕ್ಷಣ ಎಂದು ಬರೆದೆನಲ್ಲ. ಲಕ್ಷಣವೇ. ನಾನು ಓದಿದ್ದು ತಪ್ಪು.

ಮ್ಯಾರೆನ್ ಅವನನ್ನು ನೋಡಿದಳು, ಬಾಟಲಿ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮಾಸ್ಕ್ ಹಾಕಿಕೊಂಡಳು. ಆಗ ದೋಣಿಯ ಸುತ್ತ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಬಿಸಿಲಿನಲ್ಲಿ ಹಾಗೇ ಕೂತಿದ್ದಳು. ಗಾಜಿನ ಒಳಗಡೆ ಮಂಜು ಕಟ್ಟಿತ್ತು.

"ಅದನ್ನ ತೆಗಿಯೇ, ಮುಖ ಬೇಯತ್ತೆ," ಎಂದರು ಅತ್ತೆ.

"ಇರ್ಲಿ ಅಜ್ಜಿ."

ಕೊಕ್ಕರೆಗಳು ನಮ್ಮ ಸುತ್ತ ನಡೆದಾಡಿದವು. ಸಂಜೆ ನೀರು ಬಂತು. ಹುಲ್ಲು ಒಂದೊಂದೇ ಎದ್ದು ನಿಂತಿತು. ದೋಣಿ ತೇಲಿತು. ಲಾಬ್‌ಸ್ಟರ್ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಜುಲೈ 28, ಶುಕ್ರವಾರ. ಸಂಜೆ

ನಿನ್ನೆ ಬರೆಯಲಿಲ್ಲ. ಅವರೆಲ್ಲ ದೋಣಿಯಲ್ಲಿ ಹೋದರು, ನಾನು ತಲೆನೋವೆಂದು ಉಳಿದೆ. ಉಬ್ಬರ ಇಳಿತವನ್ನು ಗ್ರೇಡಿ ತಾನೇ ನೋಡಿಕೊಂಡ.

ಇವತ್ತು ಮನೆಯೊಡತಿ ಮಿಸೆಸ್ ಆಲ್ಬರಿ ಬಂದರು, ಪ್ರತಿ ವರ್ಷ ಹೊರಡುವ ಮುನ್ನಾದಿನ ಬರುವಂತೆ, ನಿಂಬೆ ಪೈ ಹಿಡಿದುಕೊಂಡು. ಹಳೆಯ ಬಾಡಿಗೆಯವರಿಗೆ ಮುಂದಿನ ವರ್ಷದ ಅದೇ ವಾರ ಮೊದಲು ಕೇಳುವುದು ಅವರ ಪದ್ಧತಿ. ಬೇಡವೆಂದರಷ್ಟೇ ಇನ್ನೊಬ್ಬರಿಗೆ. ಮಕ್ಕಳು ಕಾಲುವೆಯಲ್ಲಿ ಈಜುತ್ತಿದ್ದರು, ದೂರದಲ್ಲಿ. ಕಟ್ಟೆಯ ಮೇಲೆ ಗ್ರೇಡಿ, ಅತ್ತೆ, ನಾನು.

"ಮತ್ತೆ ಇದೇ ವಾರ ತಾನೆ? ಬೇರೆ ಕೊಡೋ ಮಾತೇ ಇಲ್ಲ, ನೀವು ನಮ್ಮನೆಯವರಾಗ್ಬಿಟ್ಟಿದೀರ."

ಗ್ರೇಡಿ ಬೇಡವೆನ್ನುತ್ತಾನೆ ಎಂದುಕೊಂಡೆ. ಇಲ್ಲವೇ ಯೋಚಿಸಿ ಹೇಳುತ್ತೇವೆ ಎಂದಾನು.

"ಹೌದು," ಎಂದ ಗ್ರೇಡಿ. "ಇದೇ ವಾರ."

ಆ ಒಂದು ಕ್ಷಣ ಬರೆಯಲು ಬರುವುದಿಲ್ಲ. ಕಾಲುವೆಯ ನೀರೆಲ್ಲ ಬೆಳಗಿದಂತೆ... ಅಷ್ಟು ಸಾಕು.

"ಐದೇ ಜನ?" ಮಿಸೆಸ್ ಆಲ್ಬರಿ ಕೇಳಿದರು. ತಲೆ ಲೆಕ್ಕ ಬರೆದುಕೊಳ್ಳದೆ ಇಲ್ಲಿ ಯಾರೂ ಮನೆ ಕೊಡುವಂತಿಲ್ಲ.

"ನಾಲ್ಕು."

ಅತ್ತೆ ಸಿಗರೇಟು ಬಾಯಿಂದ ತೆಗೆದರು. "ಏನೋ, ನನ್ನ ಈಗ್ಲೇ ಕಳಿಸ್ಬಿಟ್ಯಾ? ಇನ್ನೊಂದು ವರ್ಷಕ್ಕೆಲ್ಲ ಸಾಯೋಳಲ್ಲ ನಾನು! ನನ್ನೂ ಕೂಡು, ಕೂಡು. ಐದು ಅಂತ ಬರ್ಕೊಳ್ಳಿ ಮಿಸೆಸ್ ಆಲ್ಬರಿ. ನನ್ನ ಮಗನಿಗೆ ಲೆಕ್ಕ ಮೊದ್ಲಿಂದ್ಲೂ ಬರಲ್ಲ."

"ಅಮ್ಮಾ," ಎಂದ ಗ್ರೇಡಿ, "ನೀನು ಇದೀಯ ಅದರಲ್ಲಿ."

ಅತ್ತೆಯ ತುಟಿ ಅಲ್ಲಾಡಿತು. ಅವನು, ತಾನು, ಇಬ್ಬರು ಹುಡುಗಿಯರು. ಆಮೇಲೆ ನಿಂತಿತು. ಮಿಸೆಸ್ ಆಲ್ಬರಿ ಪೈ ಮೇಲಿನ ಕಾಗದ ಸರಿಮಾಡಿ, ಬಿಸಿಲಲ್ಲಿ ಇಡಬೇಡಿ, ಕರಗುತ್ತೆ ಎಂದು ಹೇಳಿ ಹೊರಟರು.

"ಮಕ್ಕಳಿಗೆ ಈ ಮನೆ ಅಭ್ಯಾಸ ಆಗಿದೆ," ಎಂದ ಗ್ರೇಡಿ ನನಗೆ. ಮೆಲ್ಲಗೆ, ಮರ್ಯಾದೆಯಿಂದ. "ನಿಂಗೆ ಬೇಕಿದ್ರೆ ಒಂದು ವರ್ಷ ನೀನು, ಒಂದು ವರ್ಷ ನಾನು..."

ಎದ್ದು ಹೋಗಿ ದೋಣಿ ತೊಳೆಯತೊಡಗಿದ.

ಅತ್ತೆ ನನ್ನನ್ನು ನೋಡಲಿಲ್ಲ. ತಮ್ಮ ಸಿಗರೇಟನ್ನು ನನ್ನ ಕಡೆ ಚಾಚಿದರು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ನಾನು ಸೇದಿದ್ದನ್ನು ಅವರು ಕಂಡಿಲ್ಲ. ತೆಗೆದುಕೊಂಡೆ.

"ಬುಧವಾರ ಬೈದಿದ್ರೆ ಚೆನ್ನಾಗಿತ್ತು," ಎಂದರು.

ಪೈ ಹಾಗೇ ಇದೆ.

ಜುಲೈ 29, ಶನಿವಾರ. ಬೆಳಿಗ್ಗೆ

ಚಾದರ ತೆಗೆದೆ. ಫ್ರಿಜ್ಜು ಖಾಲಿ ಮಾಡಿದೆ. ಬಾಗಿಲ ಮೇಲಿನ ಹಾಳೆ ಇನ್ನೂ ಎರಡು ದಿನಕ್ಕೆ ಸಲ್ಲುತ್ತದೆ, ಬಿಟ್ಟೆ.

ಹೇಳಬೇಕಾದ ವಾಕ್ಯ ಗ್ರೇಡಿ ಸಿದ್ಧಮಾಡಿದ್ದಾನೆ: ಅಪ್ಪ ಅಮ್ಮ ಇಬ್ಬರೂ ಯೋಚಿಸಿ ತೀರ್ಮಾನ ಮಾಡಿದ್ದೇವೆ. ಸರಿ ಎಂದಿದ್ದೇನೆ. ಸುಳ್ಳಿರುವುದು ಅದರಲ್ಲಿ ಒಂದೇ ಒಂದು ಮಾತು, ಇಬ್ಬರೂ.

ಮ್ಯಾರೆನ್ ತಿಂಡಿ ತಿನ್ನಲಿಲ್ಲ. ಪಾತ್ರೆ ಒರೆಸುತ್ತ ನನ್ನ ಪಕ್ಕ ನಿಂತು "ನಂಗೆ ಹೇಳೋದು ಬೇಡ. ಪೋಸಿ ಹತ್ರ ನಾನು ಕೂತ್ಕೋತೀನಿ," ಎಂದಳು. ಒಂದು ಲೋಟವನ್ನೇ ಬಹಳ ಹೊತ್ತು ಒರೆಸಿದಳು.

ಮಿಸೆಸ್ ಆಲ್ಬರಿ ಈಗಷ್ಟೇ ಬಂದು ಕೆಳಗಿನ ಕೋಣೆಯ ಬೀಗ ತೆಗೆದುಕೊಟ್ಟು ಹೋದರು. ಮುಂದಿನ ವರ್ಷ ಬರುವವರು ಸಾಮಾನು ಅಲ್ಲೇ ಬಿಟ್ಟು ಹೋಗಬಹುದು. ಗ್ರೇಡಿ ಬಲೆ, ಕಡ್ಡಿ, ಬಾವುಟ ಇಟ್ಟ. ಪೋಸಿ ಮಾಸ್ಕುಗಳನ್ನು ತಾನೇ ಹೊತ್ತುಕೊಂಡು ಹೋದಳು. ನನ್ನದನ್ನು ನಾನು ಚೀಲದಲ್ಲಿ ಹಾಕಿಟ್ಟಿದ್ದೆ. ಚೀಲ ತೆರೆದು ಎತ್ತಿಕೊಂಡು ಹೋಗಿದ್ದಾಳೆ. ಮೆಟ್ಟಿಲ ಕೆಳಗಿಂದ ಕೂಗಿದಳು:

"ಅಮ್ಮಾ, ನಿಂದು ಮರ್ತಿದ್ದೆ ನೀನು! ನನ್ನ ಪಕ್ಕದ ಮೊಳೆಗೇ ಹಾಕಿದೀನಿ. ಐದೂ ಒಟ್ಟಿಗಿವೆ!"

ಕಿಟಕಿಯಿಂದ ಕಾಣುತ್ತದೆ. ಅತ್ತೆ ಕಟ್ಟೆಯ ಕುರ್ಚಿಯಲ್ಲಿ, ಬೆನ್ನು ಈ ಕಡೆ. ಇನ್ನುಳಿದ ಕುರ್ಚಿಗಳನ್ನು ಗ್ರೇಡಿ ಎದುರುಬದುರು ಹಾಕುತ್ತಿದ್ದಾನೆ. ಮ್ಯಾರೆನ್ ಆಗಲೇ ಕೂತಿದ್ದಾಳೆ, ಪಕ್ಕದ ಕುರ್ಚಿ ಹಿಡಿದುಕೊಂಡು.

ನನ್ನ ಮಾಸ್ಕನ್ನು ಮೊಳೆಯಿಂದ ತೆಗೆದುಕೊಳ್ಳಬೇಕು. ಹೇಳುವುದಕ್ಕೆ ಮೊದಲು ತೆಗೆದರೆ ಪೋಸಿ ಯಾಕೆ ಎಂದು ಕೇಳುತ್ತಾಳೆ. ಹೇಳಿದ ಮೇಲೆ ತೆಗೆದರೆ ಅವಳು ನೋಡುತ್ತಾಳೆ. ಬಿಟ್ಟು ಹೋದರೆ ಮುಂದಿನ ವರ್ಷ ಬಾಗಿಲು ತೆಗೆದವರಿಗೆ

ಗ್ರೇಡಿ ಕರೆಯುತ್ತಿದ್ದಾನೆ. "ನೋರೀನ್, ದಯವಿಟ್ಟು—"