ಮೇಜು ಗಂಡೋ ಹೆಣ್ಣೋ

ನವೆಂಬರ್ ೯, ಭಾನುವಾರ

ಪ್ರೀತಿಯ ಪುಟ್ಟೀ,

ನೀನೂ ಮಗುವೂ ಚೆನ್ನಾಗಿದ್ದೀರಿ ತಾನೆ? ನಿನ್ನ ಪತ್ರಕ್ಕೆ ಉತ್ತರ ಬರೆಯೋದು ಮೂರು ವಾರ ತಡವಾಯ್ತು, ಬೈಕೋಬೇಡ. ಫೋನಿನಲ್ಲಿ ಹೇಳೋಣ ಅಂದ್ರೆ ಅಪ್ಪ ಪಕ್ಕದ ಕೋಣೆಯಲ್ಲೇ ಇರ್ತಾರೆ. ಪಾರ್ಶ್ವವಾಯು ಹೊಡೆದು ಮಾತು ಹೋದರೂ ಕಿವಿ ಚುರುಕಾಗಿದೆ.

ಈಗ ಕೋಲು ಹಿಡಿದು ಬಚ್ಚಲವರೆಗೆ ನಡೀತಾರೆ. ಮನೆಮಾತು ತುಂಡುತುಂಡಾಗಿ ವಾಪಸ್ಸು ಬಂದಿದೆ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ ಫ್ರೆಂಚ್ ಮಾತ್ರ ಕಲಸುಮೇಲೋಗರ. ಆ ಭಾಷೆಯಲ್ಲಿ ಮೇಜು, ಚಮಚ ಎಲ್ಲಕ್ಕೂ ಗಂಡು-ಹೆಣ್ಣು ಇದೆಯಲ್ಲ: ಗಂಡಾದರೆ ಮುಂದೆ ‘ಲೆ’, ಹೆಣ್ಣಾದರೆ ‘ಲಾ’. ಅದನ್ನೇ ಕಂಪ್ಯೂಟರಿಗೆ ಕಲಿಸೋದು ನನ್ನ ಕೆಲಸ. ಎಂಟು ಸಾವಿರ ಪದ ಉಣಿಸಿದ ಮೇಲೆ, ಕೊನೆಯ ಸದ್ದು ಹಿಡಿದು ಹತ್ತಕ್ಕೆ ಒಂಬತ್ತು ತಾನೇ ಊಹಿಸುತ್ತೆ. ಕಡಲತೀರದ ‘ಪ್ಲಾಜ್’ ಹೆಣ್ಣು ಅಂದ್ರೆ ಮಾತ್ರ, ಆ ಸದ್ದಿನವು ಹೆಚ್ಚಿನವು ಗಂಡಲ್ವಾ, ಜಪ್ಪಯ್ಯ ಅಂದರೂ ಒಪ್ಪಲ್ಲ. “ನನ್ನ ಹಿಂದಿನ ಬೆಂಚಿನವರ ಹಾಗೇ ಇದೆ ಕಣೇ” ಅಂತ ಅಪ್ಪ ನಗ್ತಿದ್ರು, ಹುಷಾರಿದ್ದಾಗ.

ಕಳೆದ ತಿಂಗಳು, ಅಪ್ಪನ ಮಿದುಳಿಗೆ ಪೆಟ್ಟಾದ ಹಾಗೆ, ಆ ಪ್ರೋಗ್ರಾಮಿನೊಳಗಿನ ಕೊಂಡಿಗಳಲ್ಲಿ ಮೂರಕ್ಕೊಂದು ಕತ್ತರಿಸಿ ನೋಡಿದೆ. ಅಪ್ಪನ ತಪ್ಪುಗಳನ್ನೇ ಮಾಡ್ತು! ಅದೇ ಪದಗಳನ್ನ ಮತ್ತೆ ಕಲಿಸೋಕೆ ಬಿಟ್ಟೆ. ಊಟ ಮಾಡಿ ಬರೋಷ್ಟರಲ್ಲಿ ಎಲ್ಲ ಸರಿಹೋಗಿತ್ತು. ಕುಣಿದಾಡಿಬಿಟ್ಟೆ ಪುಟ್ಟೀ.

ಅವತ್ತೇ ಇನ್ನೂರು ಪದ ಚೀಟಿಗಳಲ್ಲಿ ಬರೆದು ಮನೆಗೆ ತಂದೆ. ಮಾತು ಕಲಿಸೋ ಥೆರಪಿಯವರು “ದಿನಕ್ಕೆ ಹತ್ತು ನಿಮಿಷ ಸಾಕು, ದಣಿಸಬೇಡಿ” ಅಂದಿದ್ರು. ನಾನು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿಸಿದೆ. “ಮೇಜು ಲೆನೋ ಲಾನೋ, ಅಪ್ಪಾ?” ಅಂದ್ರೆ ನನ್ನ ಮುಖ ನೋಡ್ತಾರೆ. ‘ಲೆ’ ಅಂತಾರೆ. ನನ್ನ ಹುಬ್ಬು ಅಲ್ಲಾಡಿದ್ದೇ ತಡ, ‘ಲಾ, ಲಾ’ ಅಂತಾರೆ. ಪಾಪ, ಪದ ಬಿಟ್ಟು ನನ್ನ ಮುಖ ಓದೋದು ಕಲಿತಿದ್ದಾರೆ. ಮೂರು ವಾರದಲ್ಲಿ ಒಂದು ಪದವೂ ತಲೆಯಲ್ಲಿ ನಿಂತಿಲ್ಲ. ಏನು ಮಾಡಲಿ ಅಂತ ತೋಚ್ತಿಲ್ಲ. ನಿಲ್ಲಿಸೋಕೂ ಮನಸ್ಸು ಬರ್ತಿಲ್ಲ.

ಹಸಿ ಬಾಣಂತಿ ನೀನು, ಹೊರಟು ಬರೋ ಸಾಹಸ ಮಾಡಬೇಡ. ಮಗುವಿಗೆ ದೊಡ್ಡಮ್ಮನ ಮುತ್ತು. ಇಬ್ಬರೂ ನೂರ್ಕಾಲ ಸುಖವಾಗಿರಿ.

ನಿನ್ನ,
ಅಕ್ಕ

ತಾ.ಕ.: ಇದನ್ನ ಬರೆಯಲೋ ಬೇಡವೋ ಅಂತ ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ. ನಿನ್ನೆ ನಾನು ಚೀಟಿ ಹಿಡಿದು ಒಳಗೆ ಹೋದಾಗ ಅಪ್ಪ ಅಮ್ಮನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. ನನ್ನ ಕಡೆ ಬೆರಳು ಮಾಡಿ, “ಅದನ್ನ ಕಳಿಸಿಬಿಡು” ಅಂದ್ರು. ಅಮ್ಮ ನಗಿಸೋಕೆ ನೋಡಿದಳು: “‘ಅದು’ ಅಲ್ಲ ರೀ, ‘ಅವಳು’.” ಅಪ್ಪ ಒಂದು ಕ್ಷಣ ಯೋಚಿಸಿದ್ರು. ಆಮೇಲೆ, ಒಂದಕ್ಷರವೂ ತಪ್ಪದೆ, “ಅವಳನ್ನ ಕಳಿಸಿಬಿಡು” ಅಂದ್ರು.